ಬಿಮಲಾ ಕದ್ದ ಹಣ ಮತ್ತು ‘ಘರೆ ಬೈರೆ’ಯ ಕೊನೆ

ಟಾಗೋರರ ‘ಘರೆ ಬೈರೆ’ ಕಾದಂಬರಿಯಲ್ಲಿ ಬಿಮಲಾ ಗಂಡ ನಿಖಿಲನಿಗೆ ದ್ರೋಹ ಮಾಡಿದ್ದು ಸ್ವದೇಶಿ ಚಳವಳಿಯ ಮುಖಂಡ ಸಂದೀಪನ ಮೇಲಿನ ಮೋಹದಿಂದಲೋ ದೇಶಪ್ರೇಮದಿಂದಲೋ, ಕೊನೆಗೆ ನಿಖಿಲ ಸತ್ತನೇ ಎಂದು ಕೇಳಿದ್ದೀರಿ.

ಮೊದಲನೆಯದನ್ನು ಬಿಡಿಸಿ ನೋಡಲಾಗುವುದಿಲ್ಲ, ಕಾದಂಬರಿಯ ಶಕ್ತಿಯೇ ಅದು. ಸಂದೀಪ ಅವಳನ್ನು ದೇಶಮಾತೆಯ ರೂಪವೆಂದು ಹೊಗಳುತ್ತಾನೆ. ಆ ಹೊಗಳಿಕೆಯಲ್ಲಿ ಎರಡೂ ಬೆರೆತುಹೋಗುತ್ತವೆ. ಅವಳು ಮನೆಯ ತಿಜೋರಿಯಿಂದ 6,000 ರೂಪಾಯಿ ಬೆಲೆಯ ಗಿನಿ ಎಂಬ ಚಿನ್ನದ ನಾಣ್ಯಗಳನ್ನು ಕದ್ದು ಕೊಡುವ ಅಧ್ಯಾಯವನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ಕಾಗದದ ಸುರುಳಿ ಬಿಚ್ಚಿ ಚಿನ್ನ ಕಂಡಾಗ ಸಂದೀಪನ ಮುಖ ಬದಲಾಗುವುದನ್ನು ಗಮನಿಸಿ. ಅದು ಅವಳ ಓರಗಿತ್ತಿಯರ ಹಣ ಎಂಬುದನ್ನೂ ಮರೆಯಬೇಡಿ.

ನಿಖಿಲ ಸ್ವದೇಶಿಯ ವಿರೋಧಿ ಎಂದು ಓದಿದರೆ ದಾರಿ ತಪ್ಪುತ್ತೀರಿ. 1905ರ ಬಂಗಾಳ ವಿಭಜನೆಯ ಗದ್ದಲಕ್ಕೂ ಮೊದಲೇ ಅವನು ದೇಶಿ ಚಾಕುವಿನಿಂದ ದೇಶಿ ಪೆನ್ಸಿಲ್ ಹೆರೆಯುತ್ತಿದ್ದವನು. ಅವನ ತಕರಾರು ಬಲವಂತದ ಬಗ್ಗೆ ಮಾತ್ರ: ವಿದೇಶಿ ಬಟ್ಟೆ ಸುಟ್ಟರೆ ಹೊಟ್ಟೆಗೆ ಪೆಟ್ಟು ಬೀಳುವುದು ಪಂಚುವಿನಂಥ ಬಡವನಿಗೆ. ಹೆಂಡತಿಯನ್ನು ತಡೆಯದಿರುವುದೂ ಅದೇ ಕಾರಣಕ್ಕೆ. ಹೊರಜಗತ್ತನ್ನು ಕಂಡಮೇಲೂ ಅವಳು ತಾನಾಗಿ ಗಂಡನನ್ನೇ ಆರಿಸಿಕೊಳ್ಳಲಿ ಎಂಬುದು ಅವನ ಆಸೆ. ನನ್ನ ಮಟ್ಟಿಗೆ ಪುಸ್ತಕದಲ್ಲಿ ಅತ್ಯಂತ ಕಷ್ಟದ ನಿಷ್ಠೆ ಅವನದೇ.

ಎರಡನೆಯದಕ್ಕೆ ಉತ್ತರ: ಗೊಂದಲ ಸಿನಿಮಾದಿಂದ ಬಂದದ್ದು. 1984ರ ಸತ್ಯಜಿತ್ ರಾಯ್ ಚಿತ್ರದಲ್ಲಿ ಬಿಮಲಾ ವಿಧವೆಯಾಗುತ್ತಾಳೆ. 1916ರ ಕಾದಂಬರಿಯಲ್ಲಿ ಗುಂಡೇಟಿಗೆ ಸಾಯುವವನು ಸಂದೀಪನ ಹಿಂಬಾಲಕ ಹುಡುಗ ಅಮೂಲ್ಯ; ನಿಖಿಲನ ತಲೆಗೆ ದೊಡ್ಡ ಗಾಯ, ಪಲ್ಲಕ್ಕಿಯಲ್ಲಿ ತರುತ್ತಾರೆ, ಉಳಿದನೋ ಇಲ್ಲವೋ ಟಾಗೋರರು ಹೇಳುವುದಿಲ್ಲ.