ಕರೆಂಟು ಹೋದ ಆ 15 ಸೆಕೆಂಡು

ಮಳೆ ಶುರುವಾಯಿತು ಅಂದರೆ ನನಗೆ ಪತ್ರಗಳು ಜಾಸ್ತಿ. ಮಲೆನಾಡಿನಲ್ಲಿ ಒಂದು ಸಿಲ್ವರ್ ಓಕ್ ಕೊಂಬೆ ಲೈನಿನ ಮೇಲೆ ಬಿದ್ದರೆ ಮೂರು ದಿನ ಕತ್ತಲೆ. ಆಗ ಎಲ್ಲರಿಗೂ ಜನರೇಟರ್ ನೆನಪಾಗುತ್ತದೆ. ವಿಮಾನ ನಿಲ್ದಾಣಗಳ ಪವರ್ ಹೌಸ್‌ಗಳಲ್ಲಿ ವರ್ಷಗಟ್ಟಲೆ ದುಡಿದು ಈಗ ಚಿಕ್ಕಮಗಳೂರಿನಲ್ಲಿ ಬಂದು ಕೂತವನು ನಾನು ಅಂತ ಹೋದ ಸಂಚಿಕೆಯಲ್ಲಿ ಬಾಯಿಬಿಟ್ಟಿದ್ದೆ. ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ವಿಮಾನ ನಿಲ್ದಾಣದ್ದೇ.

ಪ್ರಶ್ನೆ: ಮಗಳನ್ನು ಕಳಿಸಲು ಒಂದು ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ಇದ್ದಕ್ಕಿದ್ದಂತೆ ಲೈಟು, ಎ.ಸಿ., ಕೌಂಟರಿನ ಪರದೆ ಎಲ್ಲ ಆರಿ, ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಆಗಲೇ ಒಂದು ವಿಮಾನ ಇಳಿಯುತ್ತಿದ್ದರೆ ಗತಿ ಏನು ಸರ್? (ಮೂಡಿಗೆರೆಯ ಓದುಗರು)

ನೀವು ನೋಡಿದ್ದು ಟರ್ಮಿನಲ್ಲಿನ ಕರೆಂಟು. ರನ್‌ವೇ ಕರೆಂಟಿನ ದಾರಿಯೇ ಬೇರೆ. ಕೌಂಟರಿನ ಪರದೆ ಒಂದು ನಿಮಿಷ ಆರಿದರೆ ಸಾಲಿನಲ್ಲಿ ನಿಂತವರು ಗೊಣಗುತ್ತಾರೆ, ಅಷ್ಟೇ. ಕಂಟ್ರೋಲ್ ಟವರ್‌ನ ರೇಡಿಯೋ, ರೇಡಾರ್ ಇವು ಯು.ಪಿ.ಎಸ್. (ಕರೆಂಟು ಹೋದ ಕ್ಷಣವೇ ಬ್ಯಾಟರಿಯಿಂದ ಕೊಡುವ ಪೆಟ್ಟಿಗೆ) ಮೇಲೆ ಇರುತ್ತವೆ, ಕಣ್ಣು ಮಿಟುಕಿಸುವಷ್ಟೂ ಹೊತ್ತು ಆರುವಂತಿಲ್ಲ.

ರನ್‌ವೇ ದೀಪಗಳಿಗೆ ಅಂತರರಾಷ್ಟ್ರೀಯ ನಿಯಮವೇ ಇದೆ. ವಿಮಾನಯಾನಕ್ಕೆ ನಿಯಮ ಮಾಡುವ ವಿಶ್ವಸಂಸ್ಥೆಯ ಅಂಗ ಇಕಾವೋದ ಅನೆಕ್ಸ್ 14 ಅನ್ನುವ ನಿಯಮ ಪುಸ್ತಕದಲ್ಲಿ ಯಾವ ದೀಪ ಎಷ್ಟು ಸೆಕೆಂಡಿನಲ್ಲಿ ವಾಪಸ್ ಬರಬೇಕು ಅಂತ ಪಟ್ಟಿ ಕೊಟ್ಟಿದ್ದಾರೆ. ಪೈಲಟ್ ಉಪಕರಣ ನೋಡಿಕೊಂಡು ಇಳಿಯುವುದರಲ್ಲಿ ಕ್ಯಾಟ್ 1 ಅನ್ನುವ ಸಾಮಾನ್ಯ ದರ್ಜೆಗೆ 15 ಸೆಕೆಂಡು. ಮಂಜು ದಟ್ಟವಾಗಿರುವಾಗಿನ ಕ್ಯಾಟ್ 2, ಕ್ಯಾಟ್ 3ರಲ್ಲಿ ರನ್‌ವೇ ನಡುಗೆರೆಯ ದೀಪ, ನೆಲ ಮುಟ್ಟುವ ಜಾಗದ ದೀಪ ಮುಂತಾದವಕ್ಕೆ 1 ಸೆಕೆಂಡು. ಒಂದೇ ಒಂದು.

15 ಸೆಕೆಂಡು ಅಂದರೆ ಎಷ್ಟು ದೂರ ಗೊತ್ತಾ? ಇಳಿಯುವ ಜೆಟ್ ವಿಮಾನ ಸೆಕೆಂಡಿಗೆ ಹೆಚ್ಚುಕಡಿಮೆ 70 ಮೀಟರ್ ಬರುತ್ತದೆ. 15 ಸೆಕೆಂಡಿಗೆ ಒಂದು ಕಿಲೋಮೀಟರ್ ಮುಗಿದೇ ಹೋಯಿತು. ಆದರೂ ಕ್ಯಾಟ್ 1ರಲ್ಲಿ ಇದು ನಡೆಯುತ್ತದೆ, ಯಾಕೆಂದರೆ ಪೈಲಟ್‌ಗೆ 60 ಮೀಟರ್ ಎತ್ತರದಲ್ಲೇ ದೀಪ ಕಾಣಬೇಕು, ಕಾಣದಿದ್ದರೆ ಇಳಿಯುವುದನ್ನು ಬಿಟ್ಟು ಮೇಲೇರಿ ಒಂದು ಸುತ್ತು ಹಾಕಿ ಬರುತ್ತಾನೆ. ಮಂಜಿನಲ್ಲಿ ಇನ್ನೂ ತಗ್ಗಿಗೆ ಬಂದ ಮೇಲೆ ಅಷ್ಟು ಪುರುಸೊತ್ತು ಎಲ್ಲಿದೆ?

ಇಲ್ಲೊಂದು ತಮಾಷೆ ಇದೆ. ಡೀಸೆಲ್ ಜನರೇಟರ್ ಎಷ್ಟೇ ಚುರುಕಾಗಿದ್ದರೂ ಸ್ಟಾರ್ಟ್ ಆಗಿ ಲೋಡ್ ತೆಗೆದುಕೊಳ್ಳಲು 10 ಸೆಕೆಂಡು ಹತ್ತಿರ ಬೇಕು. ಹಾಗಾದರೆ 1 ಸೆಕೆಂಡಿನ ನಿಯಮ ಪಾಲಿಸುವುದು ಹೇಗೆ? ಯು.ಪಿ.ಎಸ್. ಇಡುವುದು ಒಂದು ದಾರಿ. ಇನ್ನೊಂದು ದಾರಿ ಹಳಬರದು: ಮಂಜು ಬಂತು ಅಂದ ಕೂಡಲೇ ಜನರೇಟರ್ ಮೊದಲೇ ಓಡಿಸಿ, ದೀಪಗಳನ್ನು ಅದರ ಮೇಲೆ ಹಾಕಿ, ಊರ ಕರೆಂಟನ್ನೇ ಸ್ಟ್ಯಾಂಡ್‌ಬೈ ಮಾಡಿಬಿಡುವುದು. ಜನರೇಟರ್ ಕೈಕೊಟ್ಟರೆ ಕರೆಂಟಿಗೆ ಬದಲಾಯಿಸಲು ಒಂದು ಸೆಕೆಂಡು ಸಾಕು. ಅದಕ್ಕೆ ಸ್ಟಾರ್ಟ್ ಆಗುವ ಕೆಲಸ ಇಲ್ಲವಲ್ಲ! ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಕರೆಂಟು ಇರುವಾಗ ಯಾಕೆ ಸುಮ್ನೆ ಡೀಸೆಲ್ ಸುಡುತ್ತಾರೆ ಅಂತ ಕೇಳಿ ಬೈಸಿಕೊಂಡಿದ್ದೆ.

ಪ್ರಶ್ನೆ: ನಾನು ಡಿಪ್ಲೊಮಾ ಎಲೆಕ್ಟ್ರಿಕಲ್ ವಿದ್ಯಾರ್ಥಿ. ಅಷ್ಟು ದೊಡ್ಡ ಜನರೇಟರ್‌ಗಳನ್ನು ಟೆಸ್ಟ್ ಮಾಡುವುದು ಹೇಗೆ? ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ನೋಡಿದರೆ ಸಾಲದೇ? (ಹಾಸನ)

ಸಾಲದು ಮಾರಾಯ. ಸ್ಟಾರ್ಟ್ ಆಗುವುದು ಬೇರೆ, ಹೊರೆ ಹೊರುವುದು ಬೇರೆ. ಬಟನ್ ಒತ್ತಿದರೆ ಇಂಜಿನ್ ಓಡುತ್ತದೆಯೋ ಇಲ್ಲವೋ ಅಷ್ಟು ಗೊತ್ತಾಗುತ್ತದೆ. ಕರೆಂಟು ಹೋದದ್ದು ಪ್ಯಾನೆಲ್‌ಗೆ ತಿಳಿಯಿತೇ, ಜನರೇಟರನ್ನು ಲೈನಿಗೆ ಸೇರಿಸುವ ಬ್ರೇಕರ್ ತಾನಾಗೇ ಕೂತಿತೇ, ಲೋಡ್ ಒಮ್ಮೆಲೇ ಬಂದಾಗ ವೋಲ್ಟೇಜ್ ಕುಸಿಯಿತೇ, ಅರ್ಧ ಗಂಟೆ ಕಳೆದ ಮೇಲೆ ನೀರು ಕುದಿಯಿತೇ, ಇದ್ಯಾವುದೂ ಗೊತ್ತಾಗುವುದಿಲ್ಲ.

ಅದಕ್ಕೇ ನಿಜವಾದ ಟೆಸ್ಟ್ ಅಂದರೆ ಕರೆಂಟನ್ನು ಬೇಕಂತಲೇ ತೆಗೆಯುವುದು. ವಿಮಾನ ಇಲ್ಲದ ಹೊತ್ತು ನೋಡಿ, ಟವರ್‌ಗೆ ಹೇಳಿ, ಅವರು ಹೂಂ ಅಂದ ಮೇಲೆ ಒಬ್ಬ ಪವರ್ ಹೌಸ್‌ನಲ್ಲಿ ಮೇನ್ ಬ್ರೇಕರ್ ಇಳಿಸುತ್ತಾನೆ, ಇನ್ನೊಬ್ಬ ರನ್‌ವೇ ಪಕ್ಕದಲ್ಲಿ ವಾಕಿಟಾಕಿ ಮತ್ತು ಸ್ಟಾಪ್‌ವಾಚ್ ಹಿಡಿದು ನಿಂತಿರುತ್ತಾನೆ. ಲೆಕ್ಕ ಹಾಕುವುದರಲ್ಲೂ ಒಂದು ಸೂಕ್ಷ್ಮ ಇದೆ. ದೀಪದ ಬೆಳಕು ಅರ್ಧಕ್ಕೆ ಇಳಿದ ಕ್ಷಣದಿಂದ ಮತ್ತೆ ಅರ್ಧಕ್ಕೆ ಏರಿದ ಕ್ಷಣದವರೆಗೆ ಎಣಿಸಬೇಕು. ಅಲ್ಲಿ ಜನರೇಟರ್ ಗುಡುಗಿತು ಅಂದ ಮಾತ್ರಕ್ಕೆ ಇಲ್ಲಿ ದೀಪ ಬಂದಂತಲ್ಲ. ರನ್‌ವೇ ದೀಪಗಳೆಲ್ಲ ಸರಮಾಲೆಯಂತೆ ಸೀರೀಸ್‌ನಲ್ಲಿ ಇರುತ್ತವೆ, ಪೂರ್ತಿ ಬೆಳಕಿಗೆ ಸಾಮಾನ್ಯವಾಗಿ 6.6 ಆಂಪಿಯರ್ ಹರಿಸಬೇಕು. ಆ ಕರೆಂಟನ್ನು ಸ್ಥಿರವಾಗಿಡುವ ರೆಗ್ಯುಲೇಟರ್ ಪೆಟ್ಟಿಗೆಯೂ ಚೇತರಿಸಿಕೊಂಡು ಏಳಬೇಕಲ್ವಾ?

ಇನ್ನು ಎಷ್ಟು ದಿನಕ್ಕೊಮ್ಮೆ ಅನ್ನುವ ಮಾತು. ಒಂದೊಂದು ಕಡೆ ಒಂದೊಂದು ಪದ್ಧತಿ. ಅಮೆರಿಕದ ಎನ್.ಎಫ್.ಪಿ.ಎ. 110 ಅನ್ನುವ ನಿಯಮವನ್ನು ಬಹಳ ಕಡೆ ಅಳತೆಗೋಲಾಗಿ ಇಟ್ಟುಕೊಳ್ಳುತ್ತಾರೆ: ವಾರಕ್ಕೊಮ್ಮೆ ಕಣ್ಣಾರೆ ನೋಡುವ ತಪಾಸಣೆ, ತಿಂಗಳಿಗೊಮ್ಮೆ ಕನಿಷ್ಠ 30 ನಿಮಿಷ ಓಟ. ಆ ಓಟದಲ್ಲಿ ಡೀಸೆಲ್ ಸೆಟ್‌ಗೆ ಅದರ ಸಾಮರ್ಥ್ಯದ ಶೇ. 30ರಷ್ಟಾದರೂ ಲೋಡ್ ಇರಬೇಕು. ಅಷ್ಟು ಲೋಡ್ ಸಿಗದ ಕಡೆ ವರ್ಷಕ್ಕೊಮ್ಮೆ ಲೋಡ್ ಬ್ಯಾಂಕ್ ತರಿಸುತ್ತಾರೆ. ಅದು ದೊಡ್ಡ ಹೀಟರ್ ಪೆಟ್ಟಿಗೆ ಅಂದುಕೋ. ಅದರಿಂದ ಶೇ. 50 ಲೋಡ್‌ನಲ್ಲಿ ಅರ್ಧ ಗಂಟೆ, ಆಮೇಲೆ ಶೇ. 75ರಲ್ಲಿ ಒಂದು ಗಂಟೆ ಓಡಿಸುತ್ತಾರೆ.

ಈಗ ಪುಸ್ತಕದಲ್ಲಿ ಇಲ್ಲದ ಮಾತು. ನಾನಿದ್ದ ಒಂದು ನಿಲ್ದಾಣದಲ್ಲಿ (ಹೆಸರು ಬೇಡ) ಬೆಳಿಗ್ಗೆ ಆಯಿಲ್ ಬದಲಾಯಿಸಿದೆವು. ಕೈ ಹಾಕಿದಾಗ ಇಂಜಿನ್ ತಾನಾಗೇ ಎದ್ದುಬಿಟ್ಟರೆ ಬೆರಳು ಹೋಗುತ್ತದೆ, ಅದಕ್ಕೇ ಸ್ವಿಚ್ಚನ್ನು ಆಟೋದಿಂದ ಆಫ್‌ಗೆ ತಿರುಗಿಸಿದ್ದೆವು. ಸರಿಯಾದ ಕೆಲಸವೇ. ಆಯಿಲ್ ಹಾಕಿ, ಕೈಯಲ್ಲೇ ಓಡಿಸಿ ನೋಡಿ, ಕೈ ತೊಳೆದು ತಿಂಡಿಗೆ ಹೋದೆವು. ಸಂಜೆ ಗುಡುಗು ಮಳೆ, ಕರೆಂಟು ಹೋಯಿತು. ಹತ್ತು ಎಣಿಸಿದೆವು. ಸದ್ದಿಲ್ಲ. ಹೊಚ್ಚ ಹೊಸ ಆಯಿಲ್, ತುಂಬಿದ ಟ್ಯಾಂಕು, ಫುಲ್ ಚಾರ್ಜ್ ಬ್ಯಾಟರಿ, ಎಲ್ಲ ಇದ್ದು ಆ ಹೆಬ್ಬೆರಳು ಗಾತ್ರದ ಸ್ವಿಚ್ಚು ಮಾತ್ರ ಆಫ್‌ನಲ್ಲೇ ಇತ್ತು. ಆಪರೇಟರ್ ಮಳೆಯಲ್ಲಿ ಓಡಿ ಹೋಗಿ ತಿರುಗಿಸಿದ. ಪುಣ್ಯಕ್ಕೆ ಆಗ ಯಾವ ವಿಮಾನವೂ ಇಳಿಯುತ್ತಿರಲಿಲ್ಲ. ಮರುದಿನದಿಂದ ಲಾಗ್ ಪುಸ್ತಕದ ಕೊನೆಯ ಸಾಲು ‘ಸ್ವಿಚ್ ಆಟೋದಲ್ಲಿದೆ’ ಅಂತಲೇ ಆಯಿತು. ಕೆಲಸ ಮಾಡಿದವನಲ್ಲದೆ ಇನ್ನೊಬ್ಬ ಹೋಗಿ ಕಣ್ಣಾರೆ ನೋಡಿ ಸಹಿ ಹಾಕಬೇಕು. ಆ ಬೆಳಿಗ್ಗೆ ಮೊದಲು ತಿಂಡಿಗೆ ಎದ್ದವನು ನಾನೇ.

ಪ್ರಶ್ನೆ: ನಮ್ಮ ತೋಟದ ಮನೆಯಲ್ಲಿ ಹೋಂಸ್ಟೇ ಇದೆ, 25 ಕೆ.ವಿ.ಎ. ಜನರೇಟರ್. ಪ್ರತಿ ಭಾನುವಾರ ತಪ್ಪದೆ ಹತ್ತು ನಿಮಿಷ ಓಡಿಸುತ್ತೇನೆ. ಆದರೂ ಸೈಲೆನ್ಸರ್‌ನಿಂದ ಕಪ್ಪಗೆ ಅಂಟಂಟು ಎಣ್ಣೆ ಸೋರುತ್ತಿದೆ. ಹೋದ ವಾರ ಸ್ಟಾರ್ಟೇ ಆಗಲಿಲ್ಲ. (ಸಕಲೇಶಪುರ)

ಭಾನುವಾರ ಓಡಿಸುವಾಗ ಎರಡು ಬಲ್ಬು, ಒಂದು ಟಿ.ವಿ. ಮಾತ್ರ ಉರಿಯುತ್ತಿರುತ್ತದೆ ಅಲ್ವಾ? ಅದೇ ತೊಂದರೆ. ಲೋಡ್ ಇಲ್ಲದೆ ಓಡಿದರೆ ಡೀಸೆಲ್ ಇಂಜಿನ್ ಸಾಕಷ್ಟು ಬಿಸಿಯಾಗುವುದಿಲ್ಲ. ಡೀಸೆಲ್ ಪೂರ್ತಿ ಉರಿಯದೆ ಮಸಿಯ ಜೊತೆ ಸೇರಿ ಅಂಟಾಗಿ ಹೊರಗೆ ಬರುತ್ತದೆ. ವಿಮಾನ ನಿಲ್ದಾಣದಲ್ಲಿ ಶೇ. 30 ಲೋಡ್ ಅನ್ನುವುದೂ ಇದೇ ಕಾರಣಕ್ಕೆ.

ನಿಮಗೆ ಲೋಡ್ ಬ್ಯಾಂಕ್ ಬೇಡ, ಗೀಸರ್ ಇದೆಯಲ್ಲ. 25 ಕೆ.ವಿ.ಎ. ಅಂದರೆ ಸುಮಾರು 20 ಕಿಲೋವ್ಯಾಟ್, ಅದರ ಶೇ. 30 ಅಂದರೆ 6. ಎರಡು ಕಿಲೋವ್ಯಾಟಿನ ಮೂರು ಗೀಸರ್, ಫೇಸ್‌ಗೆ ಒಂದರಂತೆ ಬರುವ ಹಾಗೆ ಹಾಕಿ. ವಾರಕ್ಕೆ ಹತ್ತು ನಿಮಿಷ ಸುಮ್ನೆ ಓಡಿಸುವ ಬದಲು ತಿಂಗಳಿಗೊಮ್ಮೆ ಅರ್ಧ ಗಂಟೆ ಹೀಗೆ ಓಡಿಸಿ. ನೀರು ಕಾದು ಗೀಸರ್ ತಾನೇ ಕಟ್ ಆದರೆ ನಲ್ಲಿ ಬಿಡಿ, ಅತಿಥಿಗಳು ಸ್ನಾನ ಮಾಡುವ ಹೊತ್ತಿಗೇ ಟೆಸ್ಟ್ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಸ್ಟಾರ್ಟ್ ಆಗದಿದ್ದದ್ದಕ್ಕೆ ಮೊದಲ ಅನುಮಾನ ಬ್ಯಾಟರಿ ಮೇಲೆ. ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸಿತು ಅಂತ ನಂಬಬೇಡಿ. ಸೆಲ್ಫ್ ಹೊಡೆಯುವಾಗ ಮೀಟರ್ ಹಿಡಿದು ನೋಡಿ, 9.6ಕ್ಕಿಂತ ಕೆಳಗೆ ಬಿದ್ದರೆ ಅದರ ಕಥೆ ಮುಗಿಯುತ್ತಾ ಬಂತು. ಟರ್ಮಿನಲ್ ಮೇಲೆ ಬೆಳ್ಳಗೆ ಬೂಷ್ಟು ಕಟ್ಟಿದಂತೆ ಇದ್ದರೆ ವೈರ್ ಬಿಚ್ಚಿ, ಬಿಸಿನೀರಲ್ಲಿ ತೊಳೆದು, ಒರೆಸಿ ವ್ಯಾಸಲೀನ್ ಹಚ್ಚಿ. ನಿಮ್ಮ ಕಡೆಯ ಥಂಡಿಗೆ ಡೀಸೆಲ್ ಟ್ಯಾಂಕಿನ ತಳದಲ್ಲಿ ನೀರು ನಿಲ್ಲುತ್ತದೆ, ಅದನ್ನೂ ಇಳಿಸಿ ನೋಡಿ.

ಕೇಳದಿದ್ದರೂ ಒಂದು ಹೇಳುತ್ತೇನೆ. ಚೇಂಜೋವರ್ ಸ್ವಿಚ್ (ಒಂದು ಸಲಕ್ಕೆ ಊರ ಕರೆಂಟು ಇಲ್ಲವೇ ಜನರೇಟರ್, ಒಂದನ್ನೇ ಮನೆಗೆ ಸೇರಿಸುವ ಸ್ವಿಚ್ಚು) ಇಲ್ಲದೆ ಜನರೇಟರನ್ನು ಮನೆ ಲೈನಿಗೆ ಸಿಕ್ಕಿಸುವವರು ಇನ್ನೂ ಇದ್ದಾರೆ. ನಿಮ್ಮ ಕರೆಂಟು ಹಿಂದಕ್ಕೆ ಹೋಗಿ ಟ್ರಾನ್ಸ್‌ಫಾರ್ಮರ್ ಹತ್ತಿ ಸಾವಿರಾರು ವೋಲ್ಟ್ ಆಗುತ್ತದೆ, ಆಚೆ ಮಳೆಯಲ್ಲಿ ಕಂಬದ ಮೇಲೆ ಲೈನ್‌ಮನ್ ಇರುತ್ತಾನೆ.

ಪ್ರಶ್ನೆ: ಇಷ್ಟೆಲ್ಲ ಇದ್ದೂ ಲಂಡನ್ನಿನ ಹೀಥ್ರೋ ಒಂದಿಡೀ ದಿನ ಮುಚ್ಚಿದ್ದು ಯಾಕೆ? (ಚಿಕ್ಕಮಗಳೂರು)

2025ರ ಮಾರ್ಚ್ 20ರ ರಾತ್ರಿ ಅಲ್ಲಿನ ನಾರ್ತ್ ಹೈಡ್ ಸಬ್‌ಸ್ಟೇಷನ್ನಿನಲ್ಲಿ ಟ್ರಾನ್ಸ್‌ಫಾರ್ಮರ್‌ಗೆ ಬೆಂಕಿ ಬಿತ್ತು. ಹೀಥ್ರೋದ ಡೀಸೆಲ್ ಜನರೇಟರ್, ಯು.ಪಿ.ಎಸ್. ಕೈಕೊಡಲಿಲ್ಲ. ಆದರೆ ಅವು ಇರುವುದು ವಿಮಾನ ಸುರಕ್ಷಿತವಾಗಿ ಇಳಿಯಲು, ಜನ ಹೊರಗೆ ಬರಲು. ಇಡೀ ನಿಲ್ದಾಣ ನಡೆಸಲು ಅಲ್ಲ. ನಮ್ಮ ಮನೆ ಇನ್ವರ್ಟರ್‌ನಲ್ಲಿ ಮಿಕ್ಸಿ ಹಾಕುವ ಹಾಗಿಲ್ಲವಲ್ಲ, ಹಾಗೆ. ಬೇರೆ ಎರಡು ಸಬ್‌ಸ್ಟೇಷನ್‌ಗಳಿಂದ ಕರೆಂಟು ಬರುತ್ತಿತ್ತು, ಆದರೆ ಒಳಗಿನ ಜಾಲವನ್ನು ಅವುಗಳ ಕಡೆಗೆ ತಿರುಗಿಸಿ ಒಂದೊಂದೇ ವ್ಯವಸ್ಥೆ ಎಬ್ಬಿಸಲು ಗಂಟೆಗಟ್ಟಲೆ ಹಿಡಿಯಿತು. 1,300ಕ್ಕೂ ಹೆಚ್ಚು ವಿಮಾನಗಳ ಓಡಾಟ ಏರುಪೇರಾಯಿತು. ತನಿಖೆಯಲ್ಲಿ ಗೊತ್ತಾದದ್ದು: ಟ್ರಾನ್ಸ್‌ಫಾರ್ಮರ್‌ನ ಒಂದು ಬುಶಿಂಗ್‌ನಲ್ಲಿ (ಲೈನು ಪೆಟ್ಟಿಗೆಯೊಳಗೆ ಹೋಗುವ ಜಾಗದ ಇನ್ಸುಲೇಟರ್) ತೇವ ಇದೆ ಅಂತ 2018ರ ಪರೀಕ್ಷೆಯಲ್ಲೇ ಸುಳಿವು ಸಿಕ್ಕಿತ್ತು, ಅದನ್ನು ಸರಿಪಡಿಸಿರಲಿಲ್ಲ. ಟೆಸ್ಟ್ ಮಾಡಿದ್ದರು, ಅದು ಹೇಳಿದ್ದನ್ನು ಮಾಡಲಿಲ್ಲ.

ಅಮೆರಿಕದ ಅಟ್ಲಾಂಟಾ ವಿಮಾನ ನಿಲ್ದಾಣದ ಕಥೆ ಇನ್ನೊಂದು ಥರ. 2017ರ ಡಿಸೆಂಬರ್ 17ರಂದು ನೆಲದಡಿಯ ಸುರಂಗದಲ್ಲಿ ಬೆಂಕಿ ಬಿದ್ದು ಸುಮಾರು 11 ಗಂಟೆ ಕತ್ತಲೆ. ಬದಲಿ ವ್ಯವಸ್ಥೆಯ ಕೇಬಲ್ಲೂ ಅಸಲಿ ಕೇಬಲ್ ಪಕ್ಕದಲ್ಲೇ ಇತ್ತು. ಮನೆಯ ಎರಡೂ ಬೀಗದ ಕೈ ಒಂದೇ ಗೊಂಚಲಿಗೆ ಹಾಕಿ, ಆ ಗೊಂಚಲೇ ಬಾವಿಗೆ ಬಿದ್ದಂತೆ.

ಪ್ರಶ್ನೆ: ಇನ್ವರ್ಟರ್ ಬ್ಯಾಟರಿಗೆ ಮಳೆ ನೀರು ಹಾಕಬಹುದಾ? ನಮ್ಮಲ್ಲಿ ಬೇಕಾದಷ್ಟಿದೆ. (ಕೊಪ್ಪ)

ಬೇಡ. ಹೆಂಚಿನ ಪಾಚಿ, ಧೂಳು ಎಲ್ಲ ಅದರಲ್ಲೇ ಇರುತ್ತದೆ. ಡಿಸ್ಟಿಲ್ಡ್ ವಾಟರ್ ಕ್ಯಾನಿಗೆ ಹೆಚ್ಚೇನೂ ದುಡ್ಡಾಗುವುದಿಲ್ಲ, ತಂದು ಹಾಕಿ.