ಮೃಗಾಲಯದ ಪ್ರಾಣಿಗೆ ಟಚ್‌ಸ್ಕ್ರೀನ್‌ನಂಥ ಸಾಧನ ಕೊಟ್ಟರೆ ಅದರ ಬದುಕು ನಿಜವಾಗಿ ಸುಧಾರಿಸುತ್ತದೆಯೇ?

ಸುಧಾರಿಸಬಲ್ಲದು, ಆದರೆ ಪರದೆಯ ಬಣ್ಣದಿಂದಲ್ಲ, ತಾನು ಏನಾದರೂ ಮಾಡಿದರೆ ಅದಕ್ಕೆ ಫಲ ಉಂಟು ಎಂಬ ಹಿಡಿತ ಪ್ರಾಣಿಗೆ ಮರಳಿ ಸಿಗುವುದರಿಂದ.

ಹಂಪಿ ಬಳಿಯ ದರೋಜಿ ಕರಡಿಧಾಮದಲ್ಲಿ ಸಂಜೆಯ ಇಳಿಬಿಸಿಲಿಗೆ ಹೊರಬರುವ ಕರಡಿಯನ್ನು ಗಮನಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅದು ಬಂಡೆಯ ಬಿರುಕಿಗೆ ಮೂತಿಯೊತ್ತಿ ಮೂಸುತ್ತದೆ, ಉದ್ದನೆಯ ಉಗುರುಗಳಿಂದ ಹುತ್ತವನ್ನು ಕೆದರಿ, ಮಣ್ಣನ್ನು ಊದಿ ಸರಿಸಿ, ಗೆದ್ದಲನ್ನು ಸೊರ್ರನೆ ಹೀರುತ್ತದೆ. ಅದೇ ಕರಡಿಗೆ ಆವರಣದೊಳಗೆ ಹೊತ್ತಿಗೆ ಸರಿಯಾಗಿ ತಟ್ಟೆಯಲ್ಲಿ ಊಟ ಬಂದರೆ, ಕೆಲವೇ ನಿಮಿಷಗಳಲ್ಲಿ ಅದರ ಕೆಲಸವೆಲ್ಲ ಮುಗಿದು, ಉಳಿದ ದಿನ ಒಂದೇ ಜಾಡಿನಲ್ಲಿ ಹಿಂದೆಮುಂದೆ ನಡೆಯುವ, ತಲೆ ತೂಗುವ ಗೀಳು ಹತ್ತಬಹುದು. ಆ ನಡಿಗೆ ನೋಡಿದರೆ ಕರುಳು ಚುರ್ರೆನ್ನುತ್ತದೆ.

ಪುಕ್ಕಟೆ ಆಹಾರ ಪಕ್ಕದಲ್ಲೇ ಇದ್ದರೂ ಇಲಿಗಳು ಸನ್ನೆಕೋಲನ್ನು ಒತ್ತಿ ಗಳಿಸಿ ತಿನ್ನುವುದನ್ನು ಮನೋವಿಜ್ಞಾನಿ ಗ್ಲೆನ್ ಜೆನ್ಸನ್ 1963ರಲ್ಲೇ ತೋರಿಸಿದ್ದರು. ಮೆಲ್ಬರ್ನ್ ಮೃಗಾಲಯದಲ್ಲಿ 2016ರಲ್ಲಿ ಒರಾಂಗುಟಾನ್‌ಗಳಿಗಾಗಿ, ಮುಟ್ಟಿದರೆ ಸ್ಪಂದಿಸುವ ಬೆಳಕಿನ ಆಟಗಳನ್ನು ಆವರಣದೊಳಗೇ ಮೂಡಿಸಿದರು.

ಆದರೆ ಸಾಧನ ಆಯಾ ಪ್ರಾಣಿಯ ಇಂದ್ರಿಯಕ್ಕೆ ಒಗ್ಗಬೇಕು, ಬೇಡವೆನಿಸಿದಾಗ ಎದ್ದುಹೋಗುವ ಸ್ವಾತಂತ್ರ್ಯವೂ ಅದಕ್ಕಿರಬೇಕು. ಮೂಗಿನಿಂದಲೇ ಬದುಕುವ ಕರಡಿಗೆ ಪರದೆಗಿಂತ, ಸರಿಯಾದ ಕೊಳವೆಯನ್ನು ಮೂಸಿ ಹುಡುಕಿದಾಗ ಜೇನು ತೊಟ್ಟಿಕ್ಕಿಸುವ ಯಂತ್ರವೇ ಮೇಲು.