ಎರಡು ಸೂರ್ಯ, ಒಂದು ಹಾರ್ನ್

ಪ್ರಶ್ನೆ: ಬೆಳಕಿನ ಕತ್ತಿ, ರೋಬೋಟು, ಗಗನನೌಕೆ ಎಲ್ಲಾ ಇರುವ ಕಥೆ. ಹಿನ್ನೆಲೆಯಲ್ಲಿ ಮಾತ್ರ ಹಳೇ ಕಾಲದ ಪಿಟೀಲು, ಟ್ರಂಪೆಟ್! ‘ಸ್ಟಾರ್ ವಾರ್ಸ್’ನಂಥ ಸಿನಿಮಾಕ್ಕೆ ಎಲೆಕ್ಟ್ರಾನಿಕ್ ಸಂಗೀತವೇ ಸರಿ ಅಲ್ವಾ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ನಾನು ಇಪ್ಪತ್ತೆರಡು ವರ್ಷ ರೆಕಾರ್ಡಿಂಗ್ ಸ್ಟುಡಿಯೋಗಳಲ್ಲಿ ಎರಡನೇ ಪಿಟೀಲಿನ ಸಾಲಿನಲ್ಲಿ ಕೂತವನು. ಪಕ್ಷಪಾತ ಇದ್ದೇ ಇರುತ್ತದೆ.

ನಿಮ್ಮ ಹಾಗೆ ಯೋಚಿಸಿದವರು ಹಿಂದೆಯೂ ಇದ್ದರು. 1951ರ ‘ದಿ ಡೇ ದಿ ಅರ್ತ್ ಸ್ಟುಡ್ ಸ್ಟಿಲ್’ ಚಿತ್ರಕ್ಕೆ ಸಂಯೋಜಕ ಬರ್ನಾರ್ಡ್ ಹರ್ಮನ್ ಮಾಮೂಲಿ ಪಿಟೀಲಿನವರನ್ನು ಕರೆಯಲೇ ಇಲ್ಲ. ಎರಡು ಥೆರೆಮಿನ್, ಎಲೆಕ್ಟ್ರಿಕ್ ಪಿಟೀಲು, ಆರ್ಗನ್, ಹಿತ್ತಾಳೆ ವಾದ್ಯಗಳನ್ನು ಇಟ್ಟುಕೊಂಡರು. ಥೆರೆಮಿನ್ ಅಂದರೆ ಮುಟ್ಟದೆ ನುಡಿಸುವ ವಾದ್ಯ. ಅದಕ್ಕೆ ಎರಡು ಆಂಟೆನಾ. ಗಾಳಿಯಲ್ಲಿ ಒಂದು ಕೈ ಆಡಿಸಿದರೆ ಸ್ವರ ಏರಿಳಿಯುತ್ತದೆ, ಇನ್ನೊಂದು ಕೈ ಆಡಿಸಿದರೆ ದನಿ ಜೋರಾಗುತ್ತದೆ, ಸಣ್ಣಗಾಗುತ್ತದೆ. ದೆವ್ವ ಜೋಗುಳ ಹಾಡಿದ ಹಾಗೆ ಕೇಳುತ್ತದೆ. 1956ರ ‘ಫರ್ಬಿಡನ್ ಪ್ಲಾನೆಟ್’ನಲ್ಲಿ ಲೂಯಿಸ್ ಮತ್ತು ಬೀಬಿ ಬ್ಯಾರನ್ ದಂಪತಿ ವಾದ್ಯಗಳನ್ನೇ ಬಿಟ್ಟರು. ತಾವೇ ಕಟ್ಟಿದ ಸರ್ಕ್ಯೂಟುಗಳಿಗೆ ಅವು ತಡೆಯಲಾರದಷ್ಟು ಕರೆಂಟು ಕೊಟ್ಟು, ಅವುಗಳ ನರಳಾಟವನ್ನು ಟೇಪಿಗೆ ಇಳಿಸಿದರು. ಪರದೆ ಮೇಲೆ ಹೆಸರು ಬರುವಾಗ ಅದಕ್ಕೆ ‘ಸಂಗೀತ’ ಎಂಬ ಪದವನ್ನೇ ಬಳಸಲಿಲ್ಲ, ‘ಎಲೆಕ್ಟ್ರಾನಿಕ್ ಟೊನ್ಯಾಲಿಟೀಸ್’ ಎಂದು ಹಾಕಿದರು. ಸಂಗೀತಗಾರರ ಸಂಘ ತಕರಾರು ತೆಗೆದೀತು ಎಂಬ ಅಳುಕು.

ಇಂಥ ದನಿಗಳು ‘ಇದು ನೀನು ಕಂಡ ಲೋಕವಲ್ಲ’ ಎಂದು ಬಹಳ ಚೆನ್ನಾಗಿ ಹೇಳುತ್ತವೆ. ಆದರೆ ಪರದೆಯ ಮೇಲಿನ ಚಿತ್ರವೂ ಅದನ್ನೇ ಹೇಳುತ್ತಿರುತ್ತದೆ. ಒಂದೇ ಮಾತು ಎರಡು ಸಲ ಯಾಕೆ? 1977ರಲ್ಲಿ ‘ಸ್ಟಾರ್ ವಾರ್ಸ್’ ನಿರ್ದೇಶಕ ಜಾರ್ಜ್ ಲ್ಯೂಕಸ್ ಹಿಡಿದ ದಾರಿ ಇದಕ್ಕೆ ತಿರುವುಮುರುವು. ಕಣ್ಣಿಗೆ ಕಾಣುವುದೆಲ್ಲ ಹೊಸದು, ಹಾಗಾಗಿ ಕಿವಿಗಾದರೂ ಗುರುತಿನದು ಬೀಳಲಿ ಎಂದುಕೊಂಡರು. ಅಷ್ಟಕ್ಕೂ ಆ ಸಿನಿಮಾದ ಮೊದಲ ಸಾಲೇ ‘ಬಹಳ ಹಿಂದೆ’ ಅನ್ನುತ್ತದೆ. ನಮ್ಮ ‘ಒಂದಾನೊಂದು ಕಾಲದಲ್ಲಿ’ ಇದ್ದ ಹಾಗೆ. ಅದು ಅಜ್ಜಿ ಕಥೆ, ನೌಕೆ ಹತ್ತಿದೆ ಅಷ್ಟೆ.

ಆ ಸಂಜೆಯ ದೃಶ್ಯ ನೆನಪಿಸಿಕೊಳ್ಳಿ. ಮನೆಯಿಂದ ಹೊರಗೆ ಬಂದ ಹುಡುಗ ಮರಳುಗಾಡನ್ನು ನೋಡುತ್ತಾ ನಿಲ್ಲುತ್ತಾನೆ. ಆಕಾಶದಲ್ಲಿ ಎರಡು ಸೂರ್ಯ ಮುಳುಗುತ್ತಿವೆ. ಮಾತಿಲ್ಲ. ಒಂದು ಫ್ರೆಂಚ್ ಹಾರ್ನ್, ಅಂದರೆ ಸುರುಳಿ ಸುತ್ತಿದ ಹಿತ್ತಾಳೆ ಕಹಳೆ, ಮೆಲ್ಲಗೆ ಶುರು ಮಾಡುತ್ತದೆ, ಆಮೇಲೆ ಪಿಟೀಲುಗಳೆಲ್ಲ ಸೇರಿಕೊಳ್ಳುತ್ತವೆ. ಎರಡು ಸೂರ್ಯ ಇರುವ ಊರು ನಮಗೆ ಗೊತ್ತಿಲ್ಲ. ಮನೆ ಬಿಟ್ಟು ಹೋಗಬೇಕು ಅನ್ನಿಸುವ ವಯಸ್ಸು ಗೊತ್ತು. ಹಾರ್ನ್ ಎರಡನೆಯದರ ಬಗ್ಗೆ ಮಾತಾಡುತ್ತದೆ. ಅಲ್ಲಿ ಥೆರೆಮಿನ್ ಇದ್ದಿದ್ದರೆ ನಾವು ಸೂರ್ಯಗಳನ್ನು ನೋಡುತ್ತಿದ್ದೆವು, ಹುಡುಗನನ್ನಲ್ಲ.

ಜಾನ್ ವಿಲಿಯಮ್ಸ್ ಬರೆದ ಈ ಸಂಗೀತವನ್ನು ಲಂಡನ್ ಸಿಂಫನಿ ಆರ್ಕೆಸ್ಟ್ರಾ 1977ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಡೆನಮ್‌ನ ಆನ್ವಿಲ್ ಸ್ಟುಡಿಯೋದಲ್ಲಿ ನುಡಿಸಿತು. ಮೊದಲ ಟ್ರಂಪೆಟ್ ಮಾರಿಸ್ ಮರ್ಫಿ. ಆ ಆರ್ಕೆಸ್ಟ್ರಾದ ಮುಖ್ಯ ಟ್ರಂಪೆಟ್ ವಾದಕರಾಗಿ ಅವರಿಗೆ ಅದೇ ಮೊದಲ ಕೆಲಸ. ಹೊಸ ನೌಕರಿಯ ಮೊದಲ ದಿನ ನಾನಾಗಿದ್ದರೆ ಕುರ್ಚಿ ಹುಡುಕುವುದರಲ್ಲೇ ಇರುತ್ತಿದ್ದೆ!

ಅಂದ ಹಾಗೆ, ಕರಿ ಮುಖವಾಡದ ಖಳನಾಯಕ ಡಾರ್ತ್ ವೇಡರ್ ಬಂದಾಗ ಕೇಳುವ, ಸೈನಿಕರ ಹೆಜ್ಜೆಯಂಥ ಆ ಹೆಸರಾಂತ ಮಾರ್ಚ್ ಸಂಗೀತ ಈ ಮೊದಲ ಚಿತ್ರದಲ್ಲಿ ಇಲ್ಲ. ಅದು ಬಂದದ್ದು 1980ರ ಮುಂದಿನ ಚಿತ್ರದಲ್ಲಿ. ಪಂದ್ಯ ಕಟ್ಟಿ ಸೋತವನ ಮಾತು ಇದು, ನಂಬಬಹುದು.

ಪ್ರಶ್ನೆ: ‘ಸ್ಟಾರ್ ವಾರ್ಸ್’ ಸಂಗೀತವೆಲ್ಲ ಹೋಲ್ಸ್ಟ್ ಎಂಬುವರ ಕೃತಿಯ ನಕಲು ಅಂತ ನನ್ನ ಮಗ ವಾದ ಮಾಡುತ್ತಾನೆ. ಹೌದೇ?
— ನಿವೃತ್ತ ಗಣಿತ ಶಿಕ್ಷಕರು

ಉತ್ತರ: ಮಗನಿಗೆ ಅರ್ಧ ಅಂಕ ಕೊಡಿ ಮೇಷ್ಟ್ರೇ. ಗುಸ್ತಾವ್ ಹೋಲ್ಸ್ಟ್ ಅವರ ‘ದಿ ಪ್ಲಾನೆಟ್ಸ್’ನಲ್ಲಿ ಮಂಗಳ ಗ್ರಹದ ಭಾಗ ಕೇಳಿ. ಐದು ಎಣಿಕೆಯ ತಾಳ, ಕೊನೆಗೆ ಸುತ್ತಿಗೆ ಏಟಿನಂಥ ಗುದ್ದುಗಳು. ‘ಸ್ಟಾರ್ ವಾರ್ಸ್’ನ ಶುರುವಿನಲ್ಲಿ ದೊಡ್ಡ ನೌಕೆ ಬರುವಾಗ ಆ ಗುದ್ದುಗಳ ನೆಂಟರು ಸಿಗುತ್ತಾರೆ. ಮುಖ್ಯ ರಾಗಕ್ಕೂ ಸಂಯೋಜಕ ಕಾರ್ನ್‌ಗೋಲ್ಡ್ ಅವರ ‘ಕಿಂಗ್ಸ್ ರೋ’ (1942) ಸಿನಿಮಾದ ರಾಗಕ್ಕೂ ಮುಖಚಹರೆ ಒಂದೇ. ಆದರೆ ಮುಖ ಹೋಲುವುದಕ್ಕೂ ನಕಲಿಗೂ ವ್ಯತ್ಯಾಸ ಇದೆ.

ಇದಕ್ಕೆ ಕಾರಣ ‘ಟೆಂಪ್ ಟ್ರ್ಯಾಕ್’. ಎಡಿಟಿಂಗ್ ನಡೆಯುವಾಗ ಹೊಸ ಸಂಗೀತ ಇನ್ನೂ ಇರುವುದಿಲ್ಲ. ಸುಮ್ನೆ ಅಳತೆಗೆ ಅಂತ ಯಾವುದೋ ಹಳೆಯ ಸಂಗೀತ ಹಾಕಿಕೊಳ್ಳುತ್ತಾರೆ. ತಿಂಗಳುಗಟ್ಟಲೆ ಅದನ್ನೇ ಕೇಳಿ ನಿರ್ದೇಶಕರಿಗೆ ಅದೇ ಸರಿ ಅನ್ನಿಸಿಬಿಡುತ್ತದೆ. ಲ್ಯೂಕಸ್ ಕೂಡ ಹೀಗೆ ಹಳೆಯ ಶಾಸ್ತ್ರೀಯ ಕೃತಿಗಳನ್ನು ಇಟ್ಟುಕೊಂಡಿದ್ದರು. ಒಮ್ಮೆ ಒಬ್ಬ ನಿರ್ದೇಶಕರು ನಮ್ಮೆದುರೇ ಸಂಯೋಜಕರಿಗೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ: “ಅದೇ ಬೇಕು, ಆದರೆ ಅದು ಬೇಡ.” ಮೂರು ದಿನ ನುಡಿಸಿದೆವು. ಮೂರೂ ದಿನ ‘ಅದು’ ಬರಲಿಲ್ಲ.

ಈ ಕಾಯಿಲೆಗೆ ದೊಡ್ಡ ಬಲಿ ಸಂಯೋಜಕ ಅಲೆಕ್ಸ್ ನಾರ್ತ್. 1968ರ ‘2001: ಎ ಸ್ಪೇಸ್ ಒಡಿಸ್ಸಿ’ಗೆ ಅವರು ಸಂಗೀತ ಬರೆದು ರೆಕಾರ್ಡ್ ಮಾಡಿಕೊಟ್ಟರು. ನಿರ್ದೇಶಕ ಸ್ಟ್ಯಾನ್ಲಿ ಕ್ಯೂಬ್ರಿಕ್ ಅದನ್ನು ಪಕ್ಕಕ್ಕಿಟ್ಟು ಅಳತೆಗೆ ಹಾಕಿದ್ದ ಹಳೆಯ ಸಂಗೀತವನ್ನೇ ಉಳಿಸಿಕೊಂಡರು: ರಿಚರ್ಡ್ ಸ್ಟ್ರೌಸ್, ಯೋಹಾನ್ ಸ್ಟ್ರೌಸ್, ಲಿಗೆಟಿ. ನಾರ್ತ್‌ಗೆ ಇದು ತಿಳಿದದ್ದು ನ್ಯೂಯಾರ್ಕಿನಲ್ಲಿ ಸಿನಿಮಾ ನೋಡಲು ಕೂತಾಗ! ಅವರ ಸಂಗೀತವನ್ನು ಗೆಳೆಯ ಜೆರ್ರಿ ಗೋಲ್ಡ್‌ಸ್ಮಿತ್ 1993ರಲ್ಲಿ ಹೊಸದಾಗಿ ರೆಕಾರ್ಡ್ ಮಾಡಿಸಿದರು. ಅಷ್ಟು ಹೊತ್ತಿಗೆ ನಾರ್ತ್ ತೀರಿಕೊಂಡಿದ್ದರು. ಕೇಳಿದೆ, ಒಳ್ಳೆಯ ಸಂಗೀತ. ಆದರೆ ಹೇಳಲು ಬೇಜಾರು, ಕ್ಯೂಬ್ರಿಕ್ ಮಾಡಿದ್ದೇ ಸರಿ ಅನ್ನಿಸಿತು. ವಾಲ್ಟ್ಜ್ ಎಂಬ ಮೂರೆಣಿಕೆಯ ಕುಣಿತದ ತಾಳಕ್ಕೆ ತಿರುಗುವ ಗಗನನೌಕೆಯನ್ನು ಮರೆಯುವುದು ಕಷ್ಟ. ಗುರುತಿನ ಹಾಡು, ಗುರುತಿಲ್ಲದ ನೋಟ. ಮತ್ತೆ ಅದೇ ಲೆಕ್ಕ.

ಪ್ರಶ್ನೆ: ರೆಕಾರ್ಡಿಂಗ್ ವಿಡಿಯೋಗಳಲ್ಲಿ ವಾದಕರೆಲ್ಲ ಹೆಡ್‌ಫೋನ್ ಹಾಕಿರುತ್ತಾರೆ. ಏನು ಕೇಳುತ್ತಿರುತ್ತಾರೆ?
— ಒಬ್ಬ ಗೃಹಿಣಿ

ಉತ್ತರ: ಟಕ್, ಟಕ್, ಟಕ್. ‘ಕ್ಲಿಕ್ ಟ್ರ್ಯಾಕ್’ ಅಂತಾರೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಬಿಡಿಚಿತ್ರ (ಫ್ರೇಮ್) ಓಡುತ್ತವೆ. 12 ಚಿತ್ರಕ್ಕೊಂದು ಟಕ್ ಇಟ್ಟರೆ ನಿಮಿಷಕ್ಕೆ 120 ಎಣಿಕೆ. ಬಾಗಿಲು ತೆರೆಯುವ ಚಿತ್ರ ಎಷ್ಟನೆಯದು ಎಂದು ಗೊತ್ತಿದ್ದರೆ, ಎಷ್ಟನೇ ಎಣಿಕೆಗೆ ಡ್ರಮ್ ಬಾರಿಸಬೇಕು ಎಂಬುದೂ ಗೊತ್ತಾಯಿತು. ಹೆಡ್‌ಫೋನನ್ನು ಒಂದೇ ಕಿವಿಗೆ ಹಾಕುತ್ತೇವೆ, ಇನ್ನೊಂದು ಕಿವಿ ಪಕ್ಕದವರನ್ನು ಕೇಳಿಸಿಕೊಳ್ಳಲು. ಒಮ್ಮೆ ನನ್ನದು ಸಡಿಲವಾಗಿ ಜಾರಿ, ತೀರಾ ಮೆಲುದನಿಯ ಜಾಗದಲ್ಲಿ ಟಕ್ ಟಕ್ ಮೈಕಿಗೆ ಬಿತ್ತು. ಅರವತ್ತು ಜನ ಮೊದಲಿಂದ ನುಡಿಸಬೇಕಾಯಿತು. ಆ ಸಂಜೆ ಯಾರೂ ನನ್ನ ಜೊತೆ ಕಾಫಿಗೆ ಬರಲಿಲ್ಲ.

1982ರ ‘ಇ.ಟಿ.’ಯ ಕೊನೆಯ ಭಾಗದಲ್ಲಿ ವಿಲಿಯಮ್ಸ್‌ಗೆ ಚಿತ್ರದ ಜೊತೆ ಹೊಂದಿಸುವುದು ಸರಿಬರುತ್ತಿರಲಿಲ್ಲ. ನಿರ್ದೇಶಕ ಸ್ಪೀಲ್‌ಬರ್ಗ್ ಪರದೆ ಆರಿಸಿ, ಸಂಗೀತ ಕಛೇರಿಯಲ್ಲಿ ನುಡಿಸಿದ ಹಾಗೆ ನುಡಿಸಿ ಎಂದರು. ಆಮೇಲೆ ಸಂಗೀತಕ್ಕೆ ತಕ್ಕಂತೆ ಚಿತ್ರವನ್ನೇ ಎಡಿಟ್ ಮಾಡಿಸಿದರು. ಇಪ್ಪತ್ತೆರಡು ವರ್ಷದಲ್ಲಿ ನಮಗೆ ಅಂಥವರು ಒಬ್ಬರೂ ಸಿಗಲಿಲ್ಲ.

ಪ್ರಶ್ನೆ: ‘ಕ್ಲೋಸ್ ಎನ್‌ಕೌಂಟರ್ಸ್’ ಸಿನಿಮಾದಲ್ಲಿ ಅನ್ಯಗ್ರಹದವರ ಜೊತೆ ಮಾತಾಡಲು ನುಡಿಸುವ ಆ ಐದು ಸ್ವರ ಕೀಬೋರ್ಡಿನಲ್ಲಿ ನುಡಿಸಿದೆ. ಮುಗಿದ ಹಾಗೆ ಅನ್ನಿಸುವುದೇ ಇಲ್ಲ. ತಪ್ಪು ನುಡಿಸುತ್ತಿದ್ದೇನಾ?
— ಒಂಬತ್ತನೇ ತರಗತಿ ಹುಡುಗ

ಉತ್ತರ: ಇಲ್ಲ ಮರಿ, ಸರಿಯಾಗಿಯೇ ನುಡಿಸಿದ್ದೀಯ. ರಿ, ಗ, ಸ, ಕೆಳಗಿನ ಸ, ಅದರ ಮೇಲಿನ ಪ. ಷಡ್ಜಕ್ಕೆ ಬಂದು ಕೂರುವ ಬದಲು ಪಂಚಮದಲ್ಲಿ ನಿಂತುಬಿಡುತ್ತದೆ. ‘ಯಾರಿದ್ದೀರಿ?’ ಎಂದು ಕದ ತಟ್ಟಿದ ಹಾಗೆ. ಉತ್ತರ ಬರಬೇಕಾದದ್ದು ಆಚೆಯಿಂದ. ಈ ಐದಕ್ಕಾಗಿ ವಿಲಿಯಮ್ಸ್ ಮುನ್ನೂರಕ್ಕೂ ಜಾಸ್ತಿ ಜೋಡಣೆ ಬರೆದು ನೋಡಿದ್ದರು.

ಪ್ರಶ್ನೆ: ‘ಇಂಟರ್‌ಸ್ಟೆಲ್ಲರ್’ ಸಿನಿಮಾದ ಸಂಗೀತದಲ್ಲಿ ಕೇಳುವ ಆ ದೊಡ್ಡ ದನಿ ಕಂಪ್ಯೂಟರಿನದೇ?
— ಬ್ಯಾಂಕ್ ನೌಕರರು

ಉತ್ತರ: ಅಲ್ಲ. ಲಂಡನ್ನಿನ ಟೆಂಪಲ್ ಚರ್ಚಿನ ಪೈಪ್ ಆರ್ಗನ್. ನುಡಿಸಿದವರು ರೋಜರ್ ಸೇಯರ್. ನಿರ್ದೇಶಕ ಕ್ರಿಸ್ಟೋಫರ್ ನೋಲನ್ ಸಂಯೋಜಕ ಹ್ಯಾನ್ಸ್ ಝಿಮ್ಮರ್‌ಗೆ ಮೊದಲು ಕೊಟ್ಟದ್ದು ಒಂದೇ ಹಾಳೆ. ಅದರಲ್ಲಿ ಇದ್ದದ್ದು ಅಪ್ಪ ಮತ್ತು ಮಗುವಿನ ವಿಚಾರ, ಗಗನನೌಕೆಯ ಸುದ್ದಿಯೇ ಇರಲಿಲ್ಲ. ಆರ್ಗನ್ ಗಾಳಿಯಿಂದ ನುಡಿಯುವ ವಾದ್ಯ. ರಾತ್ರಿ ಫ್ಯಾನ್ ಆರಿಸಿ, ಹೆಡ್‌ಫೋನ್ ಹಾಕಿಕೊಂಡು ಕೇಳಿ. ಸ್ವರಗಳ ಹಿಂದೆ ಕೊಳವೆಗಳು ಉಸಿರಾಡುವುದು ಗೊತ್ತಾಗುತ್ತದೆ.